ಸಿ6ಎಚ್0: ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಸೂತ್ರ

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಿದ್ದವರಿಗೆಲ್ಲ ಸಿ6ಎಚ್6 ಗೊತ್ತು. ಬೆಂಜೀನ್. ಆರು ಕಾರ್ಬನ್, ಆರು ಹೈಡ್ರೋಜನ್, ಆರು ಮೂಲೆಯ ಆ ಉಂಗುರವನ್ನು ಪರೀಕ್ಷೆಗೆಂದು ಎಷ್ಟು ಸಲ ಬಿಡಿಸಿದ್ದೇವೋ ಲೆಕ್ಕವಿಲ್ಲ. ಆದರೆ ಸಿ6ಎಚ್0? ಆರು ಕಾರ್ಬನ್, ಸೊನ್ನೆ ಹೈಡ್ರೋಜನ್! ಇಲ್ಲವೇ ಇಲ್ಲದ ಹೈಡ್ರೋಜನ್ನಿನ ಹೆಸರನ್ನು ಸೂತ್ರದಲ್ಲಿ ಬರೆಯುವುದಾದರೂ ಯಾಕೆ? ಹೀಗೆ ಬರೆದರೆ ಯಾವ ಮೇಷ್ಟ್ರೂ ಅರ್ಧ ಅಂಕ ಕೊಡುವುದಿಲ್ಲ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಡ್ಯಾನ್‌ವಿಲ್ ಅಂತ ಒಂದು ಊರು. ಅಲ್ಲಿನ ಸೆಂಟರ್ ಕಾಲೇಜಿನ ಹಳೆಯ ಗೋಡೆಯೊಂದರ ಮೇಲೆ ಈ ಸೂತ್ರವನ್ನು ಬಣ್ಣದಲ್ಲಿ ಬರೆದಿದ್ದಾರೆ. ನೂರು ವರ್ಷ ದಾಟಿದರೂ ಅದನ್ನು ಅಳಿಸದೆ ಜೋಪಾನ ಮಾಡಿದ್ದಾರೆ. ಇದೇನು ವಿಚಿತ್ರ ಅಂತ ಕೆದಕಿದೆ ನೋಡಿ, ಒಂದರ ಬಾಲ ಹಿಡಿದು ಇನ್ನೊಂದು, ಅದರ ಬಾಲ ಹಿಡಿದು ಮತ್ತೊಂದು, ರಾತ್ರಿ ಎರಡಾದರೂ ಏಳಲಾಗಲಿಲ್ಲ. ಅದು ರಸಾಯನಶಾಸ್ತ್ರವೇ ಅಲ್ಲ. ಅದೊಂದು ಸ್ಕೋರು! ಸೆಂಟರ್ 6, ಹಾರ್ವರ್ಡ್ 0. ದಿನಾಂಕ 1921ರ ಅಕ್ಟೋಬರ್ 29.

ಹಾರ್ವರ್ಡ್ ಯಾವುದು ಅಂತ ಹೇಳಬೇಕಾಗಿಲ್ಲ. 1636ರಲ್ಲಿ ಹುಟ್ಟಿದ, ಅಧ್ಯಕ್ಷರನ್ನೂ ಕೋಟ್ಯಧಿಪತಿಗಳನ್ನೂ ಸಾಲುಸಾಲಾಗಿ ಹೆತ್ತ ವಿಶ್ವವಿದ್ಯಾಲಯ. ಸೆಂಟರ್ ಯಾವುದು ಅಂತ ಹೇಳಲೇಬೇಕು. ಪ್ರೆಸ್ಬಿಟೇರಿಯನ್ ಚರ್ಚಿನವರು 1819ರಲ್ಲಿ ಕಟ್ಟಿದ ಕಾಲೇಜು. 1921ರಲ್ಲಿ ಅಲ್ಲಿದ್ದ ವಿದ್ಯಾರ್ಥಿಗಳು ಮುನ್ನೂರಕ್ಕೂ ಕಡಿಮೆ. ನಮ್ಮ ಕಡೆ ಒಂದು ತಾಲೂಕು ಕೇಂದ್ರದ ಹೈಸ್ಕೂಲಿನಲ್ಲೂ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ.

ಈ ಡ್ಯಾನ್‌ವಿಲ್ ಊರಿನ ಮಣ್ಣಿನಲ್ಲೇ ಏನೋ ಇದೆ ಅನ್ನಿಸುತ್ತದೆ. 1809ರ ಕ್ರಿಸ್ಮಸ್ ದಿನ ಎಫ್ರೇಮ್ ಮೆಕ್‌ಡೊವೆಲ್ ಎಂಬ ಡಾಕ್ಟರು ಇದೇ ಊರಿನಲ್ಲಿ, ತನ್ನ ಮನೆಯಲ್ಲೇ, ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಂಗಸಿನ ಹೊಟ್ಟೆ ಕೊಯ್ದು ಸುಮಾರು ಹತ್ತು ಕಿಲೋ ತೂಕದ ಅಂಡಾಶಯದ ಗೆಡ್ಡೆ ತೆಗೆದರು. ಆಗ ಅರಿವಳಿಕೆ ಇನ್ನೂ ಹುಟ್ಟಿರಲಿಲ್ಲ! ಆ ತಾಯಿ ಅರವತ್ತು ಮೈಲಿ ಕುದುರೆ ಮೇಲೆ ಕೂತು ಬಂದಿದ್ದಳು. ಬದುಕಿದಳು, ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದಳು. ಆಗುವುದೇ ಇಲ್ಲ ಅಂತ ಜಗತ್ತು ಕೈಬಿಟ್ಟದ್ದನ್ನು ಮಾಡುವ ಚಾಳಿ ಆ ಊರಿಗೆ ಹಿಂದಿನಿಂದಲೂ ಇತ್ತು. ಇರಲಿ, ಮೈದಾನಕ್ಕೆ ಬರೋಣ.

ಬರುವ ಮೊದಲು ಆಟದ ಬಗ್ಗೆ ಎರಡು ಮಾತು. ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ ಚೆಂಡಿಗೆ ಕಾಲು ತಾಗುವುದೇ ಅಪರೂಪ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಗೆರೆ ದಾಟಬೇಕು, ಅವರು ಹಿಡಿದು ಕೆಡವಬೇಕು. ಕಬಡ್ಡಿ ನೋಡಿದ ಕಣ್ಣಿಗೆ ಅರ್ಧ ಆಟ ತಾನಾಗಿ ಅರ್ಥವಾಗುತ್ತದೆ. ನೂರು ಗಜದ ಅಂಗಳ, ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಗೆರೆ ದಾಟಿದರೆ ಆರು ಅಂಕ. ಈಗಿನ ಹಾಗೆ ದಾಳಿಗೊಂದು ತಂಡ, ರಕ್ಷಣೆಗೊಂದು ತಂಡ ಅನ್ನುವ ಐಷಾರಾಮ ಆಗ ಇರಲಿಲ್ಲ. ಅದೇ ಹನ್ನೊಂದು ಜನ ಎರಡನ್ನೂ ಮಾಡಬೇಕು. ತಲೆಗೆ ಚರ್ಮದ ಟೋಪಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಸೆಂಟರ್ ತಂಡದ ಭೀಮಕಾಯದ ಆಟಗಾರ ರೆಡ್ ರಾಬರ್ಟ್ಸ್ ಅಂತೂ ಬರೀ ತಲೆಯಲ್ಲೇ ನುಗ್ಗುತ್ತಿದ್ದ.

ಮುನ್ನೂರು ಮಕ್ಕಳಿಲ್ಲದ ಕಾಲೇಜಿಗೆ ಇಂಥ ತಂಡ ಎಲ್ಲಿಂದ ಬಂತು? ಹಳ್ಳಿಯ ಮುಗ್ಧ ಹುಡುಗರು ದಿಢೀರನೆ ದೈತ್ಯನನ್ನು ಕೆಡವಿದರು ಅಂತ ಹೇಳಿದರೆ ಕೇಳಲು ಚೆಂದ. ನಿಜ ಅದಕ್ಕಿಂತ ಸ್ವಾರಸ್ಯವಾಗಿದೆ. ಇದೇ ಕಾಲೇಜಿನಲ್ಲಿ ಓದಿದ ರಾಬರ್ಟ್ ಮೈಯರ್ಸ್, ಎಲ್ಲರ ಬಾಯಲ್ಲಿ 'ಚೀಫ್', ಟೆಕ್ಸಾಸಿನ ಫೋರ್ಟ್ ವರ್ತ್ ಊರಿನ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಕಲಿಸುತ್ತಿದ್ದ. ಅಲ್ಲಿ ಅವನ ಕೈಗೆ ಒಂದು ಅಪರೂಪದ ಪಡೆ ಸಿಕ್ಕಿತು. ಆಮೇಲೆ ತಾನು ಓದಿದ ಕಾಲೇಜಿಗೇ ಕೋಚ್ ಆಗಿ ಬಂದಾಗ ಆ ಹುಡುಗರನ್ನೂ ಕೆಂಟಕಿಗೆ ಎಳೆದು ತಂದ. ಅವರಲ್ಲಿ ಇಬ್ಬರಿಗೆ, ಬೋ ಮೆಕ್‌ಮಿಲಿನ್ ಮತ್ತು ರೆಡ್ ವೀವರ್‌ಗೆ, ಕಾಲೇಜು ಸೇರುವಷ್ಟು ಹೈಸ್ಕೂಲು ಓದೇ ಮುಗಿದಿರಲಿಲ್ಲ! ಅದಕ್ಕೂ ದಾರಿ ಹುಡುಕಿದರು. ಕೆಂಟಕಿಯದೇ ಸಾಮರ್ಸೆಟ್ ಊರಿನ ಹೈಸ್ಕೂಲಿಗೆ ಸೇರಿಸಿ ಬಾಕಿ ಪಾಠ ಮುಗಿಸುವಂತೆ ಮಾಡಿದರು. ಸಾಮರ್ಸೆಟ್ಟಿಗೆ ಹೋದದ್ದು ಪಾಠಕ್ಕೆ, ಸಿಕ್ಕಿದ್ದು ಇನ್ನೊಂದು ರತ್ನ. ಬರೀ ತಲೆಯ ರೆಡ್ ರಾಬರ್ಟ್ಸ್ ಅದೇ ಊರಿನವನು.

ಮೈಯರ್ಸ್‌ನ ದೊಡ್ಡತನ ಇನ್ನೊಂದರಲ್ಲಿದೆ. ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ ತಂಡವನ್ನು ತನಗಿಂತ ಚೆನ್ನಾಗಿ ತಿದ್ದಬಲ್ಲವನೊಬ್ಬ ಕಣ್ಣಿಗೆ ಬಿದ್ದಾಗ ಕೋಚ್ ಕುರ್ಚಿಯನ್ನು ಬಿಟ್ಟುಕೊಟ್ಟ. ಹಾಗೆ ಬಂದವನು ಚಾರ್ಲಿ ಮೊರಾನ್. ಇವನ ಕಸುಬು ಕೇಳಿ: ಬೇಸಿಗೆಯಿಡೀ ನ್ಯಾಷನಲ್ ಲೀಗಿನ ಬೇಸ್‌ಬಾಲ್ ಪಂದ್ಯಗಳಲ್ಲಿ ಅಂಪೈರ್, ಬೇಸ್‌ಬಾಲ್ ಮುಗಿಯಿತೋ ಇಲ್ಲವೋ ಡ್ಯಾನ್‌ವಿಲ್ಲಿಗೆ ಬಂದು ಫುಟ್‌ಬಾಲ್ ಕೋಚ್! ಅವನ ಮಗನೂ ಸೆಂಟರಿನಲ್ಲೇ ಓದುತ್ತ ಆಡುತ್ತಿದ್ದ. ತಂಡದ ಹುಡುಗರು ಮೈದಾನಕ್ಕೆ ಇಳಿಯುವ ಮುನ್ನ ಕೋಣೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು, 'ಪ್ರೇಯಿಂಗ್ ಕರ್ನಲ್ಸ್' ಅಂತ ಹೆಸರಿಟ್ಟೇ ಬಿಟ್ಟವು. ಪ್ರಾರ್ಥಿಸುವ ಕರ್ನಲ್‌ಗಳು!

1919ರಲ್ಲಿ ಈ ಕರ್ನಲ್‌ಗಳು ಒಂದೂ ಪಂದ್ಯ ಸೋಲಲಿಲ್ಲ. ಅಮೆರಿಕದ ಫುಟ್‌ಬಾಲಿನ ಪಿತಾಮಹ ವಾಲ್ಟರ್ ಕ್ಯಾಂಪ್ ಆರಿಸುತ್ತಿದ್ದ ದೇಶದ ಅತ್ಯುತ್ತಮ ಹನ್ನೊಂದರಲ್ಲಿ ಆ ವರ್ಷ ಮೆಕ್‌ಮಿಲಿನ್ ಮತ್ತು ವೀವರ್ ಇಬ್ಬರೂ ಇದ್ದರು. ಹಾರ್ವರ್ಡ್ ತಿರುಗಿ ನೋಡಿತು. 1920ರ ಅಕ್ಟೋಬರಿನಲ್ಲಿ ಪಂದ್ಯಕ್ಕೆ ಕರೆಯಿತು.

ಆ ಮೊದಲ ಪಂದ್ಯ ಸೆಂಟರ್ ಸೋತಿತು, 31-14. ಆದರೆ ಅರ್ಧ ಆಟ ಮುಗಿದಾಗ ಸ್ಕೋರು ಎಷ್ಟಿತ್ತು ಗೊತ್ತೆ? 14-14. ಬಾಸ್ಟನ್ನಿನ ಜನ ಕಣ್ಣುಜ್ಜಿಕೊಂಡು ನೋಡಿದರು. ಪಂದ್ಯ ಮುಗಿದ ಮೇಲೆ ಹಾರ್ವರ್ಡಿನ ನಾಯಕ ಆರ್ನಲ್ಡ್ ಹೊರ್ವೀನ್ ಆಟದ ಚೆಂಡನ್ನು ಮೆಕ್‌ಮಿಲಿನ್‌ಗೆ ಕೊಡಲು ಬಂದ. ಗೆದ್ದವರ ಸ್ವತ್ತು ಆ ಚೆಂಡು. ಗೆದ್ದವನು ಸೋತವನಿಗೆ ಕೊಡುವುದೆಂದರೆ ದೊಡ್ಡ ಮರ್ಯಾದೆ. ಮೆಕ್‌ಮಿಲಿನ್ ಬೇಡವೆಂದ. ಮುಂದಿನ ವರ್ಷ ಬಂದು ಗೆದ್ದೇ ತೆಗೆದುಕೊಂಡು ಹೋಗುತ್ತೇವೆ ಅಂದ.

ಈ ಹೊರ್ವೀನ್ ಹೆಸರನ್ನು ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತದೆ. ಒಮ್ಮೆಯಲ್ಲ, ಎರಡು ಸಲ.

1921ರ ಋತು ಶುರುವಾಯಿತು. ಕ್ಲೆಮ್ಸನ್ ಮೇಲೆ 14-0, ವರ್ಜೀನಿಯಾ ಪಾಲಿಟೆಕ್ನಿಕ್ ಮೇಲೆ 14-0, ಸೇಂಟ್ ಜೇವಿಯರ್ ಮೇಲೆ 28-6. ಆ ಆರನ್ನು ಗುರುತು ಹಾಕಿಕೊಳ್ಳಿ. ನಂತರ ಟ್ರಾನ್ಸಿಲ್ವೇನಿಯಾ. ಡ್ರಾಕುಲಾನ ಊರಲ್ಲ ಮಾರಾಯ್ರೆ, ಅದೇ ಕೆಂಟಕಿಯ ಲೆಕ್ಸಿಂಗ್ಟನ್ನಿನ ಕಾಲೇಜು. ರಕ್ತ ಹೀರಿಸಿಕೊಂಡದ್ದು ಮಾತ್ರ ಟ್ರಾನ್ಸಿಲ್ವೇನಿಯಾವೇ: 98-0! ಮತ್ತೆ ರೈಲು ಹತ್ತಿದರು, ಬಾಸ್ಟನ್ನಿಗೆ.

ಎದುರಿಗಿದ್ದ ಹಾರ್ವರ್ಡಿನ ಲೆಕ್ಕವನ್ನೂ ನೋಡಿಬಿಡಿ. 1919ರಲ್ಲಿ ಸೋಲಿಲ್ಲ, 1920ರ ಹೊಸವರ್ಷದ ದಿನ ರೋಸ್ ಬೌಲ್ ಗೆಲುವು, 1920ರಲ್ಲೂ ಸೋಲಿಲ್ಲ, 1921ರಲ್ಲಿ ಅಲ್ಲಿಯವರೆಗೆ ಸೋಲಿಲ್ಲ. ಒಟ್ಟು 25 ಪಂದ್ಯ ಅಜೇಯ. ಹಿಂದಿನ ಶನಿವಾರವಷ್ಟೇ ಪೆನ್ ಸ್ಟೇಟ್ ಜೊತೆ 21-21ರ ಸಮಬಲದಲ್ಲಿ ಸ್ವಲ್ಪ ಬೆವರಿತ್ತು. ಅಷ್ಟೇ.

ಇನ್ನು ಆ ಸ್ಟೇಡಿಯಂ. ಇಲ್ಲಿ ಸಿಕ್ಕಿದ ವಿಷಯಕ್ಕೆ ನಾನು ನಿಜಕ್ಕೂ ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ. ಹಾರ್ವರ್ಡ್ ಸ್ಟೇಡಿಯಂ 1903ರಲ್ಲಿ ಕಟ್ಟಿದ್ದು, ಕುದುರೆ ಲಾಳದ ಆಕಾರ, ಪೂರ್ತಿ ಕಾಂಕ್ರೀಟು. ಆ ಕಾಲಕ್ಕೆ ಅಂಥದ್ದು ದೇಶಕ್ಕೇ ಹೊಸದು. ಎರಡು ವರ್ಷಕ್ಕೆ, 1905ರಲ್ಲಿ, ಅಮೆರಿಕದಲ್ಲಿ ಫುಟ್‌ಬಾಲಿನ ಮೇಲೆ ಸಿಟ್ಟು ನೆತ್ತಿಗೇರಿತ್ತು. ಆಟವೆಂದರೆ ಗುಂಪು ಕಟ್ಟಿ ಢಿಕ್ಕಿ ಹೊಡೆಯುವುದೇ ಆಗಿ ಹುಡುಗರು ಸಾಯುತ್ತಿದ್ದರು. ತಾನೇ ಹಾರ್ವರ್ಡಿನಲ್ಲಿ ಓದಿದ್ದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಸರಿಮಾಡಿ ಅಂದರು. ನಿಯಮ ಮಾಡುವವರ ಮುಂದೆ ಬಂದ ಸಲಹೆಗಳಲ್ಲಿ ಒಂದು: ಮೈದಾನವನ್ನು ಅಗಲ ಮಾಡೋಣ, ಓಡಲು ಜಾಗ ಸಿಕ್ಕರೆ ಗುದ್ದಾಟ ಕಡಿಮೆಯಾಗುತ್ತದೆ. ಆಗುವಂತಿರಲಿಲ್ಲ. ಯಾಕೆಂದರೆ ಹಾರ್ವರ್ಡಿನ ಹೊಚ್ಚಹೊಸ ಕಾಂಕ್ರೀಟನ್ನು ಒಡೆಯಬೇಕಿತ್ತು! ಮೈದಾನದ ಅಳತೆ ಹಾಗೇ ಉಳಿಯಿತು. ಬದಲಿಗೆ 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು. ಇವತ್ತು ಸೂಪರ್ ಬೌಲಿನಲ್ಲಿ ಚೆಂಡು ಗಿಡುಗನ ಹಾಗೆ ಗಾಳಿಯಲ್ಲಿ ಹಾರುತ್ತದಲ್ಲ, ಅದರ ಹಿಂದೆ ಆ ಕಾಂಕ್ರೀಟಿನ ಮೊಂಡುತನವೂ ಇದೆ. ಮೈಕಟ್ಟಿನ ಬಲಕ್ಕಿಂತ ವೇಗ, ಎಸೆತ, ಉಪಾಯ ನೆಚ್ಚಿದ ತಂಡಗಳಿಗೆ ಬಾಗಿಲು ತೆರೆದದ್ದು ಅದೇ ನಿಯಮ. ಅಂಥದೊಂದು ತಂಡ ಹದಿನೈದು ವರ್ಷದ ನಂತರ ಅದೇ ಕಾಂಕ್ರೀಟಿನ ನಡುವೆ ಬಂದು ನಿಂತಿತ್ತು.

ನಲವತ್ತು ಸಾವಿರಕ್ಕೂ ಮೀರಿದ ಜನ. ಅವರಲ್ಲಿ ಒಂದಷ್ಟು ಜನ ಸೆಂಟರ್ ಪರ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಕೆಂಟಕಿಯಿಂದ ಬಂದವರಷ್ಟೇ ಅಂದುಕೊಂಡಿರಾ? ಅಲ್ಲ, ಪಕ್ಕದ ಎಂಐಟಿಯ ವಿದ್ಯಾರ್ಥಿಗಳೂ! ಬೇಲಿಯಾಚೆಯ ಮನೆಯವನು ಸೋಲುವುದನ್ನು ನೋಡುವ ಸುಖವೇ ಬೇರೆ.

ಮೊದಲರ್ಧ ಸೊನ್ನೆಗೆ ಸೊನ್ನೆ. ಹಾರ್ವರ್ಡ್ ಗುದ್ದಿತು, ಸೆಂಟರ್ ತಡೆಯಿತು. ಸೆಂಟರ್ ನುಗ್ಗಿತು, ಹಾರ್ವರ್ಡ್ ತಡೆಯಿತು.

ಮೂರನೇ ಕಾಲು ಭಾಗ ಶುರುವಾಗಿ ಎರಡು ನಿಮಿಷವೂ ಆಗಿಲ್ಲ. ಚೆಂಡು ಹಾರ್ವರ್ಡಿನ 32 ಗಜದ ಗೆರೆಯ ಮೇಲಿದೆ. ಗೋಲು ಗೆರೆಗೆ ಇನ್ನು 32 ಗಜ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದೂವರೆ ಕ್ರಿಕೆಟ್ ಪಿಚ್ಚಿಗಿಂತ ಒಂದು ಗಜ ಕಡಿಮೆ. ಚೆಂಡು ಮೆಕ್‌ಮಿಲಿನ್ ಕೈಗೆ ಬಂತು. ಬಲಗಡೆಗೆ ಓಡಿದ. ಹಾರ್ವರ್ಡಿನವರೆಲ್ಲ ಆ ಕಡೆಗೇ ವಾಲಿದರು. ಇನ್ನೇನು ಅಂಚಿನ ಗೆರೆಗೆ ಒತ್ತಿ ಕೆಡವುತ್ತಾರೆ ಅನ್ನುವಷ್ಟರಲ್ಲಿ ಕಾಲೂರಿ ಗಕ್ಕನೆ ಎಡಕ್ಕೆ ತಿರುಗಿದ. ಬಲಕ್ಕೆ ವಾಲಿದ ಮೈಗಳು ಎಡಕ್ಕೆ ಬರುವುದರೊಳಗೆ ಅವರ ನಡುವಿಂದ ನುಸುಳಿ, ಒಬ್ಬನನ್ನು ತಪ್ಪಿಸಿ, ಇನ್ನೊಬ್ಬನನ್ನು ತಪ್ಪಿಸಿ, ಗೆರೆಯಾಚೆ! ಇಷ್ಟಕ್ಕೂ ಹಿಡಿದದ್ದು ಕೆಲವೇ ಸೆಕೆಂಡು. ಆಮೇಲಿನ ಹೆಚ್ಚುವರಿ ಅಂಕದ ಒದೆತ ತಪ್ಪಿತು. ತಪ್ಪಿದ್ದೇ ಒಳ್ಳೆಯದಾಯಿತು ಅನ್ನಿ, ಇಲ್ಲದಿದ್ದರೆ ಸಿ7ಎಚ್0 ಆಗಿ ಬೆಂಜೀನಿನ ತಮಾಷೆಯೇ ಕೆಟ್ಟುಹೋಗುತ್ತಿತ್ತು.

ಆ ಆರು ಅಂಕವನ್ನು ಸೆಂಟರಿನ ಹುಡುಗರು ಉಳಿದ ಆಟದುದ್ದಕ್ಕೂ ಕಾದರು. ಹಾರ್ವರ್ಡಿಗೆ ಸೊನ್ನೆ ಅಳಿಸಲಾಗಲಿಲ್ಲ. ಶಿಳ್ಳೆ ಬಿದ್ದದ್ದೇ ತಡ, ಎಂಐಟಿಯವರು ಮೈದಾನಕ್ಕೆ ನುಗ್ಗಿ ಗೋಲು ಕಂಬಗಳನ್ನೇ ಕಿತ್ತು ಕೆಡವಿದರು. ಮುಂದೆ ಎಂಜಿನಿಯರುಗಳಾಗುವವರು ತಾನೆ, ಎಲ್ಲಿ ಜಗ್ಗಿದರೆ ಬೀಳುತ್ತದೆ ಅಂತ ಗೊತ್ತಿತ್ತು!

ಡ್ಯಾನ್‌ವಿಲ್ಲಿನಲ್ಲಿ ಬಣ್ಣದ ಡಬ್ಬಿಗಳು ಹೊರಬಂದವು. ಸಿಕ್ಕ ಸಿಕ್ಕ ಗೋಡೆ, ಸಿಕ್ಕ ಸಿಕ್ಕ ಬೀದಿ, ಎಲ್ಲೆಲ್ಲೂ ಸಿ6ಎಚ್0. ಹಸುಗಳ ಮೈಮೇಲೂ ಬರೆದರು ಅನ್ನುವ ಮಾತಿದೆ. ಹುಡುಗರು ಊರಿಗೆ ಬಂದಾಗ ನಡೆದ ಮೆರವಣಿಗೆಗೆ ಕೆಂಟಕಿಯ ಗವರ್ನರ್ ಎಡ್ವಿನ್ ಮಾರೊ ಕೂಡ ಬಂದರು. ಈ ಹೊತ್ತಿನಲ್ಲಿ ಗವರ್ನರ್ ಆಗಿರುವುದಕ್ಕಿಂತ ಬೋ ಮೆಕ್‌ಮಿಲಿನ್ ಆಗಿದ್ದರೆ ಚೆನ್ನಾಗಿತ್ತು ಅಂದರು. ಓಟಿಗೆ ನಿಲ್ಲುವವರ ಬಾಯಲ್ಲಿ ಇಂಥ ಮಾತು ಬರಬೇಕಾದರೆ ಊರಿಗೆ ಎಷ್ಟು ಅಮಲೇರಿತ್ತು ಲೆಕ್ಕ ಹಾಕಿ.

ಅಮಲೇರಿದವರು ಮುಂದಿನ ಶನಿವಾರ ಮುಗ್ಗರಿಸಬೇಕು, ಅದು ಲೋಕರೂಢಿ. ಇವರು ಕೆಂಟಕಿ ವಿಶ್ವವಿದ್ಯಾಲಯವನ್ನು 55-0 ರಲ್ಲಿ ಬಡಿದರು. ಆಬರ್ನ್ 21-0. ವಾಷಿಂಗ್ಟನ್ ಅಂಡ್ ಲೀ 25-0. ಟುಲೇನ್ 21-0. ಈಗ ಕೂಡಿ ನೋಡಿ. ಋತುವಿನ ಒಂಬತ್ತು ಪಂದ್ಯದಲ್ಲಿ ಸೆಂಟರ್ ಗಳಿಸಿದ್ದು 282, ಬಿಟ್ಟುಕೊಟ್ಟದ್ದು 6! ಹಾರ್ವರ್ಡ್ ಸೇರಿ ಎಂಟು ಕಾಲೇಜಿಗೆ ಸೊನ್ನೆ. ಗೆರೆ ದಾಟಿದ್ದು ಆ ಗುರುತು ಹಾಕಿಕೊಂಡ ಸೇಂಟ್ ಜೇವಿಯರ್ ಒಂದೇ. ಹಾರ್ವರ್ಡಿನ ಗದ್ದಲದಲ್ಲಿ ಈ ಅಂಕಿಯನ್ನು ಎಲ್ಲರೂ ಮರೆಯುತ್ತಾರೆ. ನನ್ನನ್ನು ಕೇಳಿದರೆ ಇದೇ ದೊಡ್ಡ ಪವಾಡ. ಒಂದು ಶನಿವಾರ ಯಾರಾದರೂ ಮೈಮೇಲೆ ದೇವರು ಬಂದವರ ಹಾಗೆ ಆಡಬಹುದು. ಒಂಬತ್ತು ಪಂದ್ಯದ ಉದ್ದಕ್ಕೂ ಹಾಗೆ ಆಡಲಾಗುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ಆಗಿತ್ತು. ಹೆಸರು ಬಂತು, ಹೆಸರಿನ ಹಿಂದೆ ಕರೆಗಳು ಬಂದವು. ಡಿಸೆಂಬರ್ 26ಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಅರಿಜೋನಾ ಮೇಲೆ 38-0. ಅಲ್ಲಿಂದ ಏಳೇ ದಿನಕ್ಕೆ, 1922ರ ಜನವರಿ 2ರಂದು, ಟೆಕ್ಸಾಸಿನ ಡಲ್ಲಾಸಿನಲ್ಲಿ ಇನ್ನೊಂದು ಪಂದ್ಯ. ಎದುರಾಳಿ ಟೆಕ್ಸಾಸ್ ಎ ಅಂಡ್ ಎಂ. ಅದು ಹಿಂದೆ ಇದೇ ಚಾರ್ಲಿ ಮೊರಾನ್ ಆರು ವರ್ಷ ಕೋಚ್ ಆಗಿದ್ದ ಕಾಲೇಜು! ಇನ್ನೂ ಇದೆ. ಪಂದ್ಯದ ದಿನ ಬೆಳಿಗ್ಗೆ ಫೋರ್ಟ್ ವರ್ತಿನಲ್ಲಿ ಬೋ ಮೆಕ್‌ಮಿಲಿನ್ ಮದುವೆ ಮಾಡಿಕೊಂಡ. ಬೆಳಿಗ್ಗೆ ಮುಹೂರ್ತ, ಮಧ್ಯಾಹ್ನ ಫುಟ್‌ಬಾಲ್.

ಮದುಮಗನ ತಂಡ ಸೋತಿತು, 22-14. ಇಡೀ ಋತುವಿನ ಒಂದೇ ಸೋಲು.

ಈ ಕಥೆಯ ಚಮತ್ಕಾರ ನೋಡಿ, ಆ ಸೋಲು ಕೂಡ ವ್ಯರ್ಥವಾಗಲಿಲ್ಲ. ಸೆಂಟರಿನ ಗುದ್ದಿಗೆ ಎ ಅಂಡ್ ಎಂ ತಂಡದ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಹೊರಬಿದ್ದರು. ಬದಲಿಗೆ ಕಳಿಸಲು ಜನ ಸಾಲದೆ ಹೋಗುತ್ತದೇನೋ ಅಂತ ಕೋಚ್ ಡಾನಾ ಬೈಬಲ್‌ಗೆ ಭಯವಾಯಿತು. ಪತ್ರಕರ್ತರ ಸಾಲಿನಲ್ಲಿ ಕೂತು ಆಟಗಾರರ ಗುರುತು ಹೇಳಿಕೊಡುತ್ತಿದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೆಳಗೆ ಕರೆಸಿದರು. ಅವನು ಗ್ಯಾಲರಿಯ ಕೆಳಗೆ ಹೋಗಿ ಗಾಯಗೊಂಡ ಆಟಗಾರನೊಬ್ಬನ ದಿರಿಸು ಹಾಕಿಕೊಂಡು ಬಂದು ಅಂಚಿನಲ್ಲಿ ನಿಂತ. ಅವನನ್ನು ಒಳಗೆ ಕರೆಯುವ ಪ್ರಸಂಗವೇ ಬರಲಿಲ್ಲ. ಸುಮ್ಮನೆ ನಿಂತಿದ್ದ, ಅಷ್ಟೇ. ಆ ನಿಂತದ್ದೇ ಎ ಅಂಡ್ ಎಂನ 'ಹನ್ನೆರಡನೇ ಆಟಗಾರ' ಸಂಪ್ರದಾಯವಾಯಿತು. ಇವತ್ತಿಗೂ ಅಲ್ಲಿನ ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೆ ಕೂರುವುದಿಲ್ಲ, ನಿಂತೇ ನೋಡುತ್ತಾರೆ. ಲಕ್ಷ ಜನ ಹಿಡಿಸುವ ಸ್ಟೇಡಿಯಮ್ಮಿನಲ್ಲಿ ಸಾವಿರಾರು ಜನ ಗಂಟೆಗಟ್ಟಲೆ ನಿಲ್ಲುತ್ತಾರೆ ಅಂದರೆ, ಅವರನ್ನು ಮೊದಲು ನಿಲ್ಲಿಸಿದ್ದು ಕೆಂಟಕಿಯ ಆ ಪುಟ್ಟ ಕಾಲೇಜು.

ಈಗ ಹೊರ್ವೀನ್. ಮರೆತಿಲ್ಲ ತಾನೆ?

ಆರ್ನಲ್ಡ್ ಹೊರ್ವೀನ್ ಹಾರ್ವರ್ಡ್ ಬಿಟ್ಟ ಮೇಲೆ ಶಿಕಾಗೋದ ಕಾರ್ಡಿನಲ್ಸ್ ತಂಡಕ್ಕೆ ದುಡ್ಡಿಗಾಗಿ ಆಡಿದ. ಮನೆಯಲ್ಲಿ ಅಮ್ಮನಿಗೆ ತಿಳಿಯಬಾರದೆಂದು ಮೆಕ್‌ಮಹಾನ್ ಅಂತ ಸುಳ್ಳು ಹೆಸರಿಟ್ಟುಕೊಂಡಿದ್ದನಂತೆ. 1926ರಲ್ಲಿ ಹಾರ್ವರ್ಡ್ ಅವನನ್ನು ಕೋಚ್ ಆಗಿ ಕರೆಯಿತು. ಹೊಸ ಕೋಚ್, ಹೊಸ ಋತು. ಮೊದಲ ಪಂದ್ಯಕ್ಕೆ ಸುಲಭದ ತುತ್ತಾಗಲಿ ಅಂತ ಒಂದು ಚಿಕ್ಕ ಕಾಲೇಜನ್ನು ಕರೆದಿದ್ದರು: ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಊರಿನ ಜಿನೀವಾ ಕಾಲೇಜು. ಪಂದ್ಯ ಮುಗಿದಾಗ ಸ್ಕೋರು ಜಿನೀವಾ 16, ಹಾರ್ವರ್ಡ್ 7.

ಜಿನೀವಾದ ಕೋಚ್ ಯಾರು ಅಂತೀರಾ? ಬೋ ಮೆಕ್‌ಮಿಲಿನ್!

ಓದುತ್ತ ನನ್ನ ಮೈ ಜುಂ ಅಂದದ್ದು ಈ ಸಾಲಿಗೆ. ಚೆಂಡು ಕೊಡಲು ಬಂದವನು, ಬೇಡವೆಂದವನು, ಅದೇ ಕಾಂಕ್ರೀಟಿನ ಲಾಳ. ಆರು ವರ್ಷದ ನಂತರ ಇಬ್ಬರೂ ಅಂಚಿನಲ್ಲಿ ನಿಂತಿದ್ದಾರೆ, ಆಡುತ್ತಿರುವವರು ಬೇರೆ ಹುಡುಗರು, ಸೋಲುತ್ತಿರುವುದು ಅದೇ ಹಾರ್ವರ್ಡ್. ಸಿನಿಮಾದಲ್ಲಿ ಹೀಗೆ ತೋರಿಸಿದರೆ ಬರೆದವನಿಗೆ ಬೈದು ಎದ್ದು ಬರುತ್ತಿದ್ದೆವು.

ಸೆಂಟರ್ ಕಾಲೇಜಿನ ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಅಲ್ಲಿ ಓದಿದ ಫ್ರೆಡ್ ವಿನ್ಸನ್ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, 1953ರಲ್ಲಿ ತೀರಿಕೊಂಡರು. ತೀರಿಕೊಂಡ ಮೇಲೂ ಅವರು ಪಂದ್ಯ ತಪ್ಪಿಸಿಕೊಳ್ಳುವುದಿಲ್ಲ. ತವರಿನಲ್ಲಿ ನಡೆಯುವ ಫುಟ್‌ಬಾಲ್ ಪಂದ್ಯಗಳಿಗೆ ಹುಡುಗರು ಅವರ ಭಾವಚಿತ್ರವನ್ನು ಹೊತ್ತು ತರುತ್ತಾರೆ. ಆ ಪಟಕ್ಕೆ ಪ್ರೀತಿಯಿಂದ ಇಟ್ಟ ಹೆಸರು 'ಡೆಡ್ ಫ್ರೆಡ್'!

ಹೊರ್ವೀನ್ ಹೆಸರು ಎರಡು ಸಲ ಬರುತ್ತದೆ ಅಂದಿದ್ದೆ. ಇದು ಎರಡನೆಯದು. ಹೊರ್ವೀನ್ ಮನೆತನದ್ದು ಶಿಕಾಗೋದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ. ಅಪ್ಪ ಇಸಡೋರ್ 1905ರಲ್ಲಿ ಶುರುಮಾಡಿದ್ದು, ಆಮೇಲೆ ಆರ್ನಲ್ಡ್ ನೋಡಿಕೊಂಡ. ಅಮೆರಿಕದವರು ಫುಟ್‌ಬಾಲ್ ಚೆಂಡನ್ನು 'ಹಂದಿ ಚರ್ಮ' ಅಂತ ಕರೆಯುವ ರೂಢಿ ಇದೆ, ನಿಜದಲ್ಲಿ ಅದು ದನದ ಚರ್ಮ. ಮುಂದಿನ ಫೆಬ್ರುವರಿಯಲ್ಲಿ ಸೂಪರ್ ಬೌಲ್ ನಡೆಯುವಾಗ ಐದು ನಿಮಿಷ ಟಿವಿ ಹಾಕಿ ನೋಡಿ. ಆಟ ಅರ್ಥವಾಗದಿದ್ದರೆ ಬೇಡ, ಚೆಂಡನ್ನಷ್ಟೇ ನೋಡಿ. ಅದರ ಚರ್ಮ ಬರುವುದು ಇಂದಿಗೂ ಆ ಹೊರ್ವೀನ್ ಕಾರ್ಖಾನೆಯಿಂದಲೇ.